ಪ್ರತಿಕ್ಷಿಪಣಿಯ ನಾಮಾವಳಿ

1944ರ ಸೆಪ್ಟೆಂಬರ್ 8ರ ಸಂಜೆ, ಏಳು ಗಂಟೆಗೆ ಇನ್ನೂ ಕಾಲು ಗಂಟೆಯಿರುವಾಗ, ಲಂಡನ್ನಿನ ಚಿಸಿಕ್ ಬಡಾವಣೆಯಲ್ಲಿ ಭಾರಿ ಸ್ಫೋಟವಾಯಿತು. ಮನೆಗಳು ನೆಲಸಮವಾದವು; ಮೂವರು ಸತ್ತರು. ಅದಕ್ಕೆ ಮುಂಚೆ ಸೈರನ್ ಕೂಗಿರಲಿಲ್ಲ, ವಿಮಾನದ ಸದ್ದೂ ಇರಲಿಲ್ಲ. ಎಲ್ಲ ಮುಗಿದ ಮೇಲೆ, ಆಕಾಶದಿಂದ ಏನೋ ಭೋರ್ಗರೆದು ಇಳಿದು ಬರುತ್ತಿರುವ ಸದ್ದು ಕೇಳಿಸಿತು. ಶಬ್ದಕ್ಕಿಂತ ಹಲವು ಪಟ್ಟು ವೇಗದಿಂದ ಬಂದ ವಸ್ತುವಾದ್ದರಿಂದ ಬಿದ್ದ ಸದ್ದು ಮೊದಲು, ಬಂದ ಸದ್ದು ಅನಂತರ. ಗ್ಯಾಸಿನ ಕೊಳವೆ ಸಿಡಿಯಿತಂತೆ ಎಂಬ ಮಾತು ಹಬ್ಬಿತು. ಸರಕಾರ ಅದನ್ನು ತಿದ್ದಲು ಹೋಗಲಿಲ್ಲ. ಕೊಳವೆಗಳು ಮೇಲಿಂದ ಮೇಲೆ ಸಿಡಿಯತೊಡಗಿದಾಗ ಲಂಡನ್ನಿನ ಜನ ತಾವೇ ಅದಕ್ಕೆ "ಹಾರುವ ಗ್ಯಾಸ್ ಕೊಳವೆ" ಎಂದು ನಾಮಕರಣ ಮಾಡಿದರು. ಪ್ರಧಾನಿ ಚರ್ಚಿಲ್ ಅವರು ಪಾರ್ಲಿಮೆಂಟಿನಲ್ಲಿ ನಿಜ ಸಂಗತಿ ತಿಳಿಸಿದ್ದು ನವೆಂಬರ್ 10ರಂದು, ಎರಡು ತಿಂಗಳ ಮೇಲೆ.

ಅದನ್ನು ಕಟ್ಟಿದ ಜರ್ಮನ್ ಎಂಜಿನಿಯರುಗಳ ಕಡತದಲ್ಲಿ ಅದರ ಹೆಸರು "ಎ-4", ಅಂದರೆ ನಾಲ್ಕನೆಯ ಜೋಡಣೆ. ಇಷ್ಟು ಸಪ್ಪೆ ಹೆಸರಿನಿಂದ ಯುದ್ಧ ಗೆಲ್ಲಲಾದೀತೆ? ಗೋಬೆಲ್ಸನ ಪ್ರಚಾರ ಖಾತೆ ಅದನ್ನು "ವಿ-2" ಎಂದು ಕರೆಯಿತು. ಆ "ವಿ" ಎಂಬುದು ಪ್ರತೀಕಾರ ಎಂಬ ಅರ್ಥದ ಜರ್ಮನ್ ಪದದ ಮೊದಲಕ್ಷರ. ಬ್ರಿಟಿಷರ ಗುಪ್ತ ಸಂಕೇತದಲ್ಲಿ ಅದೇ ವಸ್ತು ತಮ್ಮ ಗಡಿಯಾರಗೋಪುರದ "ಬಿಗ್ ಬೆನ್". ಹೀಗೆ ಒಂದೇ ರಾಕೆಟ್ಟಿಗೆ ನಾಲ್ಕು ಹೆಸರು: ಕಟ್ಟಿದವನದೊಂದು, ಡಂಗುರ ಹೊಡೆದವನದೊಂದು, ಕಾದು ಕುಳಿತವನದೊಂದು, ಏಟು ತಿಂದೂ ನಕ್ಕವನದೊಂದು. ಬ್ರಿಟನ್ನಿನ ಮೇಲೆ ಇಂಥವು ಸಾವಿರಕ್ಕೂ ಮಿಕ್ಕು ಬಿದ್ದವು. ಹಾರುತ್ತಿರುವಾಗಲೇ ಅದನ್ನು ಹೊಡೆದುರುಳಿಸುವ ಉಪಾಯ ಯುದ್ಧ ಮುಗಿಯುವವರೆಗೂ ಯಾರಿಗೂ ಸಿಗಲಿಲ್ಲ.

ಆ ಉಪಾಯದ ಹುಡುಕಾಟ ನಡೆದು ಈಗ ಎಂಟು ದಶಕಗಳಾಗಿವೆ. ಅದರಿಂದ ಹುಟ್ಟಿದ ಯಂತ್ರಗಳಿಗಿಂತ ಹೆಸರುಗಳ ಸಂಖ್ಯೆಯೇ ಹೆಚ್ಚೆಂದರೆ ಅತಿಶಯೋಕ್ತಿಯಾಗಲಾರದು. ಎ.ಬಿ.ಎಂ., ಬಿ.ಎಂ.ಡಿ., ಎಸ್.ಡಿ.ಐ., ಜಿ.ಎಂ.ಡಿ. ಎಂದು ಇಂಗ್ಲಿಷ್ ವರ್ಣಮಾಲೆಯನ್ನೇ ಕಲಸಿ ಎರಚಿದಂತೆ ಪತ್ರಿಕೆಗಳಲ್ಲಿ ಕಾಣುವ ಈ ಅಕ್ಷರಗಳನ್ನು ನಾವು ಸಾಮಾನ್ಯವಾಗಿ ದಾಟಿಕೊಂಡು ಮುಂದೆ ಓದುತ್ತೇವೆ. ದಾಟಬೇಕಾದ ಅಕ್ಷರಗಳಲ್ಲ ಇವು. ಕೋಟ್ಯಂತರ ಡಾಲರು, ಕೆಲವು ಸಲ ಮನುಷ್ಯರ ಪ್ರಾಣವೂ, ಒಂದೊಂದು ಪದದ ಅರ್ಥಕ್ಕೆ ಕಟ್ಟುಬಿದ್ದದ್ದುಂಟು.

ಅಮೆರಿಕನ್ನರು ಮೊದಲು ಮೊರೆಹೊಕ್ಕದ್ದು ಗ್ರೀಕ್ ಪುರಾಣಕ್ಕೆ. ವಿಜಯದೇವತೆ ನೈಕಿಯ ಹೆಸರಿನ ಸರಣಿಯಲ್ಲಿ ಅಜಾಕ್ಸ್ ಬಂತು, ಹರ್ಕ್ಯುಲಿಸ್ ಬಂತು. ಇವೆರಡೂ ಮುಖ್ಯವಾಗಿ ವಿಮಾನಗಳನ್ನು ಹೊಡೆಯಲು. ಮೂರನೆಯದಾದ ಜೂಸ್ ಕ್ಷಿಪಣಿಗೆದುರಾಗಿ ಹೋಗುವ ಕ್ಷಿಪಣಿ. 1962ರ ಜುಲೈ 19ರಂದು ಅದು ಶಾಂತಸಾಗರದ ಕ್ವಾಜಲೀನ್ ದ್ವೀಪದ ಮೇಲೆ, ಕ್ಯಾಲಿಫೋರ್ನಿಯದಿಂದ ಹಾರಿಬಂದ ಅಟ್ಲಾಸ್ ಕ್ಷಿಪಣಿಯ ಹುಸಿ ಸಿಡಿತಲೆಯಿಂದ ಎರಡು ಕಿಲೋಮೀಟರಿನಷ್ಟು ದೂರದಲ್ಲಿ ಹಾದುಹೋಯಿತು. ಎರಡು ಕಿಲೋಮೀಟರು ತಪ್ಪಿದರೂ ಅದನ್ನು ಸಾಧನೆಯೆಂದೇ ಎಣಿಸಲಾಯಿತು, ಏಕೆಂದರೆ ಜೂಸ್ ಹೊರಬೇಕಾಗಿದ್ದುದು ಪರಮಾಣು ಸಿಡಿತಲೆಯನ್ನು. ಹತ್ತಿರ ಹೋಗಿ ಸಿಡಿದರೆ ಸಾಕೆಂಬುದು ಅಂದಿನ ಲೆಕ್ಕ. ನಮ್ಮ ಪುರಾಣಗಳಲ್ಲಿ ಆಗ್ನೇಯಾಸ್ತ್ರಕ್ಕೆ ಎದುರು ವಾರುಣಾಸ್ತ್ರ. ಇಲ್ಲಿ ಆಗ್ನೇಯಾಸ್ತ್ರಕ್ಕೆ ಎದುರೂ ಆಗ್ನೇಯಾಸ್ತ್ರವೇ. ಮುಂದೆ ಬಂದ ಯೋಜನೆಗೆ ಪುರಾಣವೂ ಮುಗಿದಂತೆ ಕಂಡು "ನೈಕಿ-ಎಕ್ಸ್" ಎಂದರು. "ಎಕ್ಸ್" ಎಂದರೆ ಹೆಸರಿನ್ನೂ ಇಟ್ಟಿಲ್ಲ ಎಂದಷ್ಟೇ ಅರ್ಥ.

ಅತ್ತ ರಷ್ಯನ್ನರು ಇವರಿಗಿಂತ ಮುಂಚೆಯೇ, 1961ರ ಮಾರ್ಚ್ 4ರಂದು, ಕಜಾಕ್‌ಸ್ತಾನದ ಸಾರಿ ಶಗಾನಿನಲ್ಲಿ ಪರಮಾಣು ಸಿಡಿತಲೆಯಿಲ್ಲದ ಕ್ಷಿಪಣಿಯಿಂದಲೇ ಆರ್-12 ಕ್ಷಿಪಣಿಯ ಸಿಡಿತಲೆಯನ್ನು ಹೊಡೆದುಹಾಕಿದ್ದರು. ಗ್ರಿಗರಿ ಕಿಸುಂಕೊ ಎಂಬ ವಿಜ್ಞಾನಿಯ ಮುಂದಾಳ್ತನದಲ್ಲಿ ನಡೆದ ಆ ಕೆಲಸಕ್ಕೆ ಅವರಿಟ್ಟಿದ್ದ ಹೆಸರು "ವ್ಯವಸ್ಥೆ ಎ", ಅಷ್ಟೇ. ಮರುವರ್ಷ ಕ್ರುಶ್ಚೇವರು ತಾವು ಬಾಹ್ಯಾಕಾಶದಲ್ಲಿ ನೊಣಕ್ಕೂ ಗುರಿಯಿಟ್ಟು ಹೊಡೆಯಬಲ್ಲೆವೆಂದು ಬಡಾಯಿ ಕೊಚ್ಚಿಕೊಂಡರು. ರಷ್ಯನ್ನರು ತಮ್ಮ ಆಯುಧಗಳ ನಿಜವಾದ ಹೆಸರು ಹೇಳುತ್ತಿರಲಿಲ್ಲವಾದ್ದರಿಂದ ನ್ಯಾಟೋದವರು ತಾವೇ ಹೆಸರಿಟ್ಟುಕೊಂಡರು. ನೆಲದಿಂದ ನೆಲಕ್ಕೆ ಹಾರುವುದಕ್ಕೆ "ಎಸ್" ಅಕ್ಷರದ ಹೆಸರು, ನೆಲದಿಂದ ಆಕಾಶಕ್ಕೆ ಹಾರುವುದಕ್ಕೆ "ಜಿ" ಅಕ್ಷರದ್ದು. ಮಾಸ್ಕೋ ನಗರವನ್ನು ಕಾಯುವ ಮಹಾಕ್ಷಿಪಣಿಗೆ ಬಂದ ಹೆಸರು "ಗಲೋಷ್", ಎಂದರೆ ಮಳೆಗಾಲದಲ್ಲಿ ಬೂಟಿನ ಮೇಲೆ ಏರಿಸುವ ರಬ್ಬರ್ ಜೋಡು! ಅದಕ್ಕೆ ಕಣ್ಣಾಗಿದ್ದ ದೈತ್ಯ ರಾಡಾರುಗಳು ಕ್ರಮವಾಗಿ ಕೋಳಿಗೂಡು, ನಾಯಿಗೂಡು, ಬೆಕ್ಕಿನ ಮನೆ. ಶತ್ರುವಿನ ಅತಿ ಭಯಂಕರ ಯಂತ್ರಗಳನ್ನು ಹಿತ್ತಲಿನ ಪ್ರಾಣಿಗಳನ್ನಾಗಿ ಮಾಡಿ ಕೂರಿಸಿದ ಆ ಗುಮಾಸ್ತರಲ್ಲಿ ಹಾಸ್ಯಪ್ರವೃತ್ತಿಯಿತ್ತೆಂದೇ ನನ್ನ ಭಾವನೆ.

ಅಮೆರಿಕನ್ನರ ಸ್ವಂತ ಕಣ್ಣಿಗೆ "ಬೀಮ್ಯೂಸ್" ಎಂದು ಹೆಸರು. ಕ್ಷಿಪಣಿ ಬರುವುದನ್ನು ಮೊದಲೇ ತಿಳಿಸುವ ವ್ಯವಸ್ಥೆಯೆಂಬುದರ ಸಂಕ್ಷೇಪ. 1960ರ ಅಕ್ಟೋಬರ್ 5ರಂದು ಗ್ರೀನ್‌ಲೆಂಡಿನ ತೂಲೆಯಲ್ಲಿದ್ದ ಅದರ ರಾಡಾರು ಸೋವಿಯೆತ್ ಕಡೆಯಿಂದ ಕ್ಷಿಪಣಿಗಳು ಬರುತ್ತಿವೆಯೆಂದು ಸೂಚಿಸಿತು. ಆಗ ಉತ್ತರ ಅಮೆರಿಕದ ವಾಯುರಕ್ಷಣಾ ಕೇಂದ್ರದಲ್ಲಿದ್ದ ಕೆನಡದ ಅಧಿಕಾರಿ ಸ್ಲೆಮನ್ ಅವರು ಕೇಳಿದ ಪ್ರಶ್ನೆ ಬಹಳ ಸರಳವಾದದ್ದು: ಕ್ರುಶ್ಚೇವ್ ಎಲ್ಲಿದ್ದಾರೆ? ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ಸಭೆಯಲ್ಲಿ. ಹಾಗಾದರೆ ಇದು ದಾಳಿಯಿರಲಾರದು. ರಾಡಾರು ಕಂಡಿದ್ದು ಆಗತಾನೆ ಉದಯಿಸುತ್ತಿದ್ದ ಚಂದ್ರನನ್ನು.

ಇನ್ನು ಪದಗಳ ರಾಜಕೀಯಕ್ಕೆ ಬರೋಣ. 1967ರ ಸೆಪ್ಟೆಂಬರ್ 18ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್ನಮಾರ ಅವರು ಮಾಡಿದ ಭಾಷಣ ವಿಚಿತ್ರವಾದದ್ದು. ರಷ್ಯದ ಕ್ಷಿಪಣಿಗಳನ್ನು ತಡೆಯುವ ಕೋಟೆ ಕಟ್ಟುವುದು ಏಕೆ ವ್ಯರ್ಥವೆಂದು ಅವರು ವಿಸ್ತಾರವಾಗಿ ವಾದಿಸಿದರು. ಕೊನೆಗೆ, ಚೀನದ ಭಯಕ್ಕೆಂದು ಒಂದು ತೆಳುವಾದ ಕೋಟೆಯನ್ನು ಕಟ್ಟುವುದಾಗಿಯೂ ಘೋಷಿಸಿದರು. ಅದು "ಸೆಂಟಿನೆಲ್", ಅಂದರೆ ಕಾವಲುಗಾರ. ಕಾವಲುಗಾರ ತಮ್ಮೂರಿಗೇ ಪರಮಾಣು ಕ್ಷಿಪಣಿ ಹೊತ್ತು ಬರುತ್ತಾನೆಂದು ತಿಳಿದಾಗ ಬಾಸ್ಟನ್, ಷಿಕಾಗೋ ಮೊದಲಾದ ನಗರಗಳವರು ಗಲಾಟೆಯೆಬ್ಬಿಸಿದರು. 1969ರ ಮಾರ್ಚಿಯಲ್ಲಿ ನಿಕ್ಸನ್ ಅವರು ಅವೇ ಕ್ಷಿಪಣಿಗಳನ್ನು ನಗರಗಳಿಂದ ದೂರ ಸರಿಸಿ, ತಮ್ಮ ಕ್ಷಿಪಣಿ ನೆಲೆಗಳ ಕಾವಲಿಗೆ ಹಾಕಿ, "ಸೇಫ್‌ಗಾರ್ಡ್" ಎಂದು ಹೊಸ ಹೆಸರಿಟ್ಟರು. ಆಗಸ್ಟ್ 6ರಂದು ಸೆನೆಟ್ಟಿನಲ್ಲಿ ಮತ ಐವತ್ತಕ್ಕೆ ಐವತ್ತಾಗಿ, ಉಪಾಧ್ಯಕ್ಷರ ಒಂದು ಮತದಿಂದ ಯೋಜನೆ ಉಳಿಯಿತು. ಉಳಿದು ಆದದ್ದೇನು? ಉತ್ತರ ಡಕೋಟದ ನೆಕೋಮ ಎಂಬ ಹಳ್ಳಿಯ ಬಳಿ ಪಿರಮಿಡ್ಡಿನಾಕಾರದ ಕಾಂಕ್ರೀಟು ರಾಡಾರು ಎದ್ದು, 1975ರ ಅಕ್ಟೋಬರ್ 1ರಂದು ನೆಲೆ ಪೂರ್ಣವಾಗಿ ಸಜ್ಜಾಯಿತು. ಅಕ್ಟೋಬರ್ 2ರಂದು ಕೆಳಮನೆ ಅದನ್ನು ಮುಚ್ಚಲು ಮತ ಹಾಕಿತು!

ಈ ಜಗಳದಲ್ಲೇ ಜನಜನಿತವಾದ ಇನ್ನೊಂದು ಸಂಕ್ಷೇಪ ಹುಟ್ಟಿತು. ಎರಡು ಕಡೆಯವರೂ ಸರ್ವನಾಶವಾಗುವುದು ಖಚಿತವಾಗಿದ್ದರೆ ಯಾರೂ ಯುದ್ಧಕ್ಕಿಳಿಯುವುದಿಲ್ಲ, ಆದ್ದರಿಂದ ರಕ್ಷಣೆಯೇ ಅಪಾಯಕಾರಿ ಎಂಬ ವಾದವನ್ನು ಮೆಕ್ನಮಾರ ಅವರ ಕಡೆಯವರು "ಖಚಿತ ವಿನಾಶ" ಎಂದು ಕರೆಯುತ್ತಿದ್ದರು. ಹಡ್ಸನ್ ಸಂಸ್ಥೆಯ ಡೊನಾಲ್ಡ್ ಬ್ರೆನನ್ ಎಂಬ ಗಣಿತಜ್ಞರಿಗೆ ಇದು ಒಪ್ಪಿಗೆಯಿರಲಿಲ್ಲ. ಅವರು ಪ್ರತಿಕ್ಷಿಪಣಿಯ ಪಕ್ಷಪಾತಿ. ಅವರು 1969ರಲ್ಲಿ ಆ ಮಾತಿನ ಹಿಂದೆ "ಪರಸ್ಪರ" ಎಂಬರ್ಥದ ಇಂಗ್ಲಿಷ್ ಪದವೊಂದನ್ನು ಅಂಟಿಸಿ ಮೊದಲಕ್ಷರಗಳನ್ನು ಜೋಡಿಸಿ ತೋರಿಸಿದರು: ಮ್ಯಾಡ್, ಎಂದರೆ ಹುಚ್ಚು. ಬೈಗುಳವಾಗಿ ಹುಟ್ಟಿದ ಆ ಮಾತು ಕಾಲಕ್ರಮದಲ್ಲಿ ಸಿದ್ಧಾಂತದ ಹೆಸರಾಗಿಯೇ ಪಠ್ಯಪುಸ್ತಕಗಳಲ್ಲಿ ಕುಳಿತುಬಿಟ್ಟಿತು. ಬೈದವರು ಯಾರೆಂಬುದು ಇಂದು ಬಹುಮಂದಿಗೆ ನೆನಪಿಲ್ಲ.

1972ರ ಮೇ 26ರಂದು ಮಾಸ್ಕೋದಲ್ಲಿ ನಿಕ್ಸನ್ ಮತ್ತು ಬ್ರೆಜ್ನೆವ್ ಅವರು ಎ.ಬಿ.ಎಂ. ಒಪ್ಪಂದಕ್ಕೆ ಸಹಿ ಹಾಕಿ ಪ್ರತಿಕ್ಷಿಪಣಿಗೆ ಮಿತಿ ಹಾಕಿದರು. ಪ್ರತಿಕ್ಷಿಪಣಿ ವ್ಯವಸ್ಥೆ ಎಂದರೇನೆಂದು ವಿವರಿಸುವಲ್ಲಿ ಅದು "ಪ್ರಸ್ತುತ" ಇಂತಿಂಥ ಭಾಗಗಳನ್ನು ಒಳಗೊಂಡದ್ದು ಎಂದಿತ್ತು. ಹನ್ನೊಂದು ವರ್ಷಗಳ ಮೇಲೆ, 1983ರ ಮಾರ್ಚ್ 23ರಂದು, ರೇಗನ್ ಅವರು ಆಕಾಶದಲ್ಲೇ ಕವಚ ಕಟ್ಟುವ ಕನಸನ್ನು ದೇಶದ ಮುಂದಿಟ್ಟರು. ಮರುದಿನವೇ ಸೆನೆಟರ್ ಎಡ್ವರ್ಡ್ ಕೆನೆಡಿಯವರು 1977ರ ಸಿನಿಮಾದ ಹೆಸರು ಹಿಡಿದು "ಸ್ಟಾರ್ ವಾರ್ಸ್" ಎಂದು ಮೂದಲಿಸಿದರು, ಸರಕಾರದ ಎಸ್.ಡಿ.ಐ. ಎಂಬ ಗಂಭೀರ ನಾಮಧೇಯ ಆ ಅಡ್ಡಹೆಸರಿನ ಮುಂದೆ ಎಂದೂ ತಲೆಯೆತ್ತಲಿಲ್ಲ. ಆದರೆ ಲೇಸರಿನಂಥ ಹೊಸ ಆಯುಧಗಳಿಗೆ ಒಪ್ಪಂದ ಅಡ್ಡಬರುತ್ತದಲ್ಲ? 1985ರಲ್ಲಿ ಸರಕಾರದ ನ್ಯಾಯವಾದಿಗಳು ಆ "ಪ್ರಸ್ತುತ"ವನ್ನು ಹಿಡಿದುಕೊಂಡರು. ನಿಷೇಧ 1972ರಲ್ಲಿದ್ದ ಬಗೆಯ ಆಯುಧಗಳಿಗೆ, ಮುಂದೆ ಹುಟ್ಟುವವುಗಳ ಪ್ರಯೋಗಕ್ಕೆ ಅಲ್ಲ ಎಂಬುದು ಅವರ ವಾದ. ಮುಂದೆ ಬರುವುದೂ ಸೇರಲೆಂದೇ ಆ ಪದ ಹಾಕಿದ್ದು ಎಂದು ಎದುರು ಪಕ್ಷ. ಸೆನೆಟರ್ ಸ್ಯಾಮ್ ನನ್ ಅವರು ಹಳೆಯ ಕಡತಗಳನ್ನೆಲ್ಲ ತೆಗೆಸಿ ಓದಿ, 1987ರಲ್ಲಿ ಸರಕಾರದ ಅರ್ಥ ನಿಲ್ಲುವುದಿಲ್ಲವೆಂದರು. ಕ್ರಿಯಾಪದವಲ್ಲ, ನಾಮಪದವಲ್ಲ, ಬರಿಯ ಒಂದು ಅವ್ಯಯ. ಅದರ ಮೇಲೆ ವರ್ಷಗಟ್ಟಲೆ ವ್ಯಾಜ್ಯ!

ಇದೆಲ್ಲ ಕಾಗದದ ಮೇಲಿನ ಜಗಳ. 1991ರ ಕೊಲ್ಲಿ ಯುದ್ಧದಲ್ಲಿ ಪದಗಳು ರಣರಂಗಕ್ಕಿಳಿದವು. ಅಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳಿಗೆ ಎದುರಾಗಿ ನಿಂತದ್ದು "ಪೇಟ್ರಿಯಟ್", ದೇಶಭಕ್ತ. ಮೊದಲು ಅದಕ್ಕೆ "ಸ್ಯಾಮ್-ಡಿ" ಎಂಬ ಒಣ ಹೆಸರಿತ್ತು. ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷವಾದ 1976ರಲ್ಲಿ ದೇಶಭಕ್ತನಾಯಿತು. ಆ ಪದದ ಒಂದೊಂದು ಅಕ್ಷರಕ್ಕೂ ತಾಂತ್ರಿಕ ಪದ ಹೊಂದಿಸಿ ಅದನ್ನೂ ಸಂಕ್ಷೇಪವೆಂದು ತೋರಿಸುವುದುಂಟು. ಮಗುವಿಗೆ ಹೆಸರಿಟ್ಟ ಮೇಲೆ ಜಾತಕ ಬರೆಸಿದಂತೆ. 1991ರ ಫೆಬ್ರವರಿ 15ರಂದು ಅಧ್ಯಕ್ಷ ಬುಷ್ ಅವರು ಪೇಟ್ರಿಯಟ್ ತಯಾರಾಗುವ ಕಾರ್ಖಾನೆಯಲ್ಲಿ ನಿಂತು, ನಲವತ್ತೆರಡು ಸ್ಕಡ್ಡುಗಳಲ್ಲಿ ನಲವತ್ತೊಂದನ್ನು ಅಡ್ಡಗಟ್ಟಲಾಗಿದೆ ಎಂದರು. ಕೇಳಿದವರೆಲ್ಲ ನಲವತ್ತೊಂದು ಸ್ಕಡ್ಡು ನಾಶವಾದವೆಂದೇ ತಿಳಿದರು. ಮರುವರ್ಷ ಕಾಂಗ್ರೆಸ್ಸಿನ ವಿಚಾರಣೆಯಲ್ಲಿ ಸೈನ್ಯದ ಅಧಿಕಾರಿಯೊಬ್ಬರು ವಿವರಿಸಿದರು: ಅಡ್ಡಗಟ್ಟುವುದೆಂದರೆ ನಾಶ ಮಾಡುವುದೆಂದಲ್ಲ, ಆಕಾಶದಲ್ಲಿ ಪೇಟ್ರಿಯಟ್ಟಿನ ಹಾದಿಯೂ ಸ್ಕಡ್ಡಿನ ಹಾದಿಯೂ ಒಂದನ್ನೊಂದು ದಾಟಿದುವೆಂದಷ್ಟೇ ಅರ್ಥ. ಸ್ಕಡ್ಡಿನ ಸಿಡಿತಲೆ ನಾಶವಾಯಿತೆಂಬುದಕ್ಕೆ ಬಲವಾದ ಸಾಕ್ಷ್ಯವಿದ್ದದ್ದು ನೂರಕ್ಕೆ ಸುಮಾರು ಒಂಬತ್ತು ಪ್ರಯತ್ನಗಳಲ್ಲಿ ಮಾತ್ರ ಎಂದು ಸರಕಾರಿ ಲೆಕ್ಕ ತನಿಖೆಯವರು ಕಂಡುಕೊಂಡರು.

ಅದಕ್ಕಿಂತ ಕ್ರೂರವಾದ ಸಂಗತಿ ಫೆಬ್ರವರಿ 25ರದು. ಪೇಟ್ರಿಯಟ್ಟಿನ ಕಂಪ್ಯೂಟರು ಸೆಕೆಂಡಿನ ಹತ್ತನೆಯ ಒಂದಂಶದಲ್ಲಿ ಕಾಲವನ್ನೆಣಿಸುತ್ತಿತ್ತು. ಹತ್ತನೆಯ ಒಂದು ಎಂಬುದನ್ನು ಸೊನ್ನೆ-ಒಂದರ ಅಂಕಿಗಳಲ್ಲಿ ಪೂರ್ತಿಯಾಗಿ ಬರೆಯಲು ಬರುವುದಿಲ್ಲ; ಬಾಲ ಕತ್ತರಿಸಬೇಕು. ಕತ್ತರಿಸಿದ ಚೂರು ಅತ್ಯಲ್ಪವಾದರೂ ಯಂತ್ರ ಎಡೆಬಿಡದೆ ನಡೆದಂತೆಲ್ಲ ಕೂಡುತ್ತ ಹೋಗುತ್ತದೆ. ಇಸ್ರೇಲಿನವರು ಇದನ್ನು ಗಮನಿಸಿ ಫೆಬ್ರವರಿ 11ರಂದೇ ತಿಳಿಸಿದ್ದರು. 21ರಂದು ಪೇಟ್ರಿಯಟ್ ಕಚೇರಿಯಿಂದ ಎಲ್ಲ ದಳಗಳಿಗೂ ಸಂದೇಶ ಹೋಯಿತು: ಯಂತ್ರವನ್ನು "ಬಹಳ ಹೊತ್ತು" ನಡೆಸಿದರೆ ಗುರಿ ಜಾರಬಹುದು. ಬಹಳ ಹೊತ್ತೆಂದರೆ ಎಷ್ಟು ಗಂಟೆ? ಸಂದೇಶದಲ್ಲಿ ಅದಿರಲಿಲ್ಲ. ಸೌದಿ ಅರೇಬಿಯದ ಧಹ್ರಾನಿನಲ್ಲಿದ್ದ ದಳದ ಯಂತ್ರ ನೂರು ಗಂಟೆಗಳಿಂದ ನಡೆಯುತ್ತಲೇ ಇತ್ತು. ಗಡಿಯಾರ ಸೆಕೆಂಡಿನ ಮೂರನೆಯ ಒಂದಂಶದಷ್ಟು ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ. ರಾಡಾರು ಅದನ್ನು ಇಲ್ಲದ ಜಾಗದಲ್ಲಿ ಹುಡುಕಿ ಕಾಣದೆ ಕೈಬಿಟ್ಟಿತು. ಪೇಟ್ರಿಯಟ್ ಹಾರಲೇ ಇಲ್ಲ. ಸೈನಿಕರ ವಸತಿಯ ಮೇಲೆ ಬಿದ್ದ ಆ ಸ್ಕಡ್ಡಿನಿಂದ ಇಪ್ಪತ್ತೆಂಟು ಮಂದಿ ಸತ್ತರು. ತಿದ್ದಿದ ಲೆಕ್ಕವನ್ನು ಹೊತ್ತ ಹೊಸ ಪ್ರೋಗ್ರಾಮು ಧಹ್ರಾನಿಗೆ ಬಂದು ಸೇರಿದ್ದು 26ರಂದು.

ಅನಂತರ ಹೆಸರುಗಳು ಬೇಗ ಬೇಗ ಬದಲಾದವು. ಎಸ್.ಡಿ.ಐ. ಸಂಸ್ಥೆ 1993ರಲ್ಲಿ ಹೆಸರು ಬದಲಿಸಿ, 2002ರಲ್ಲಿ ಮತ್ತೊಮ್ಮೆ ಬದಲಿಸಿತು. "ಥಾಡ್" ಎಂಬುದರ ಮೊದಲ ಅಕ್ಷರ "ಥಿಯೇಟರ್" ಎಂಬುದರದಾಗಿತ್ತು. ನಾಟಕಶಾಲೆಯಲ್ಲ, ಸೈನ್ಯದವರ ಭಾಷೆಯಲ್ಲಿ ಒಂದು ಪ್ರದೇಶದ ರಣರಂಗ. ಪ್ರಾದೇಶಿಕ ಕ್ಷಿಪಣಿಗೂ ಖಂಡಾಂತರ ಕ್ಷಿಪಣಿಗೂ ಭೇದವೆಣಿಸಬೇಕಾಗಿದ್ದುದು 1972ರ ಒಪ್ಪಂದದಿಂದ. 2002ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಬಂದ ಮೇಲೆ ಭೇದವೂ ಬೇಡವಾಯಿತು. ಕ್ಷಿಪಣಿಯ ಹಾದಿಯನ್ನು ಏರುವ ಹಂತ, ನಡುದಾರಿ, ಕೊನೆಯ ಹಂತವೆಂದು ಮೂರಾಗಿ ವಿಭಜಿಸುವ ಪರಿಭಾಷೆ ಮೇಲೆ ಬಂತು. 2004ರಲ್ಲಿ "ಥಿಯೇಟರ್" ಹೋಗಿ "ಟರ್ಮಿನಲ್" ಎಂದಾಯಿತು. ಇಂಗ್ಲಿಷಿನಲ್ಲಿ ಎರಡಕ್ಕೂ ಮೊದಲಕ್ಷರ "ಟಿ"ಯೇ ಆದ್ದರಿಂದ ಫಲಕ ಬದಲಿಸುವ ಖರ್ಚೂ ಉಳಿಯಿತು.

ನಮ್ಮ ದೇಶ 2006ರ ನವೆಂಬರ್ 27ರಂದು ಮೊದಲ ಪ್ರಯೋಗ ನಡೆಸಿದಾಗ ಹೊಡೆಯಲು ಹೋದದ್ದೂ ಪೃಥ್ವಿಯ ವಂಶದ್ದು, ಹೊಡೆಸಿಕೊಂಡದ್ದೂ ಪೃಥ್ವಿಯೇ. ಆ ವ್ಯವಸ್ಥೆಯ ದೂರದರ್ಶಿ ರಾಡಾರಿನ ಕೆಲಸ ನಡೆದದ್ದು ಬೆಂಗಳೂರಿನ ಎಲ್.ಆರ್.ಡಿ.ಇ.ಯಲ್ಲಿ, ಆ ಸಂಸ್ಥೆಯ ಇಂಗ್ಲಿಷ್ ಹೆಸರು "ಇ" ಅಕ್ಷರದಿಂದ ಆರಂಭವಾದರೂ ಸಂಕ್ಷೇಪ ಮಾತ್ರ "ಎಲ್"ನಿಂದ ಆರಂಭವಾಗುತ್ತದೆ! 2025ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಿತವಾದ ಯೋಜನೆ ಸಂಕ್ಷೇಪಗಳ ಗೊಡವೆಗೇ ಹೋಗದೆ ನೇರವಾಗಿ ಸುದರ್ಶನ ಚಕ್ರವನ್ನು ಕೈಗೆತ್ತಿಕೊಂಡಿದೆ.

ಇಸ್ರೇಲಿನವರ "ಕಬ್ಬಿಣದ ಗುಮ್ಮಟ" 2011ರಲ್ಲಿ ಕೆಲಸಕ್ಕಿಳಿಯಿತು. ಅದನ್ನು ರೂಪಿಸಿದ ಸೇನಾಧಿಕಾರಿಯೊಬ್ಬರು ಹೆಸರಿನ ಕಥೆ ಹೇಳಿದ್ದಾರೆ. ತಾವೂ ಪತ್ನಿಯೂ ಕೂತು ಯೋಚಿಸಿ ಮೊದಲು ಆರಿಸಿದ ಹೆಸರು "ಚಿನ್ನದ ಗುಮ್ಮಟ". ಅದು ಆಡಂಬರವೆನಿಸೀತೆಂದು ಚಿನ್ನವನ್ನು ಕಬ್ಬಿಣ ಮಾಡಲಾಯಿತಂತೆ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅವರು ಅಮೆರಿಕಕ್ಕೂ ಒಂದು ಕಬ್ಬಿಣದ ಗುಮ್ಮಟ ಬೇಕೆಂದು ಆಜ್ಞೆ ಹೊರಡಿಸಿದರು. ಮೇ ತಿಂಗಳಲ್ಲಿ ಯೋಜನೆಯ ರೂಪವನ್ನೂ 17,500 ಕೋಟಿ ಡಾಲರಿನ ಅಂದಾಜನ್ನೂ ಪ್ರಕಟಿಸುವ ಹೊತ್ತಿಗೆ ಅದು "ಚಿನ್ನದ ಗುಮ್ಮಟ"ವಾಗಿತ್ತು.