ವೃತ್ತಿಶಿಕ್ಷಣದಿಂದ ಉನ್ನತ ಶಿಕ್ಷಣಕ್ಕೆ: ಆಯ್ಕೆಯ ಹಿನ್ನೆಲೆ

ಐಟಿಐ, ಪಾಲಿಟೆಕ್ನಿಕ್ ಡಿಪ್ಲೊಮಾ ಮುಂತಾದ ಕೋರ್ಸು ಮುಗಿಸಿದವರು ಪದವಿ ಓದಬೇಕೋ ದುಡಿಮೆಗೆ ಇಳಿಯಬೇಕೋ ಎಂದು ನಿರ್ಧರಿಸುವಲ್ಲಿ ಮನೆಯ ಆದಾಯ, ಶಾಲೆಯಲ್ಲಿ ಸಿಕ್ಕ ಬುನಾದಿ ಮತ್ತು ಸರ್ಕಾರದ ನಿಯಮಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಕರ್ನಾಟಕದಲ್ಲಿ ನಿಯಮಗಳು ದಾರಿ ತೆರೆದೇ ಇಟ್ಟಿವೆ. ಎಸ್ಸೆಸ್ಸೆಲ್ಸಿ ಬಳಿಕ ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಮೂರು ವರ್ಷದ ಡಿಪ್ಲೊಮಾ ಪಡೆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಮೂರನೆಯ ಸೆಮಿಸ್ಟರಿಗೆ ಪ್ರವೇಶ ಪಡೆಯುತ್ತಾರೆ.

ಆದರೂ ಮುಂದೆ ಓದುವ ಹಂಬಲ ಡಿಪ್ಲೊಮಾದವರಲ್ಲಿ ಎದ್ದು ಕಾಣುವಷ್ಟು ಐಟಿಐನವರಲ್ಲಿ ಕಾಣುವುದಿಲ್ಲ. ಇದನ್ನು ಓದಿನಲ್ಲಿ ಆಸಕ್ತಿ ಇಲ್ಲದಿರುವುದೆಂದು ಕರೆಯುವುದು ಅನ್ಯಾಯ. ಫಿಟ್ಟರ್, ಎಲೆಕ್ಟ್ರೀಷಿಯನ್ ಟ್ರೇಡಿಗೆ ಬರುವವರಲ್ಲಿ ಬಹಳಷ್ಟು ಮಂದಿ ಕೂಲಿ, ಸಣ್ಣ ಹಿಡುವಳಿ ನಂಬಿದ ಮನೆಯವರು. ಬೇಗ ಸಂಬಳ ತರಲೆಂದೇ ಆ ಕೋರ್ಸಿಗೆ ಸೇರಿದವರು. ಅವರಿಗೆ ಕಾಲೇಜಿನ ಶುಲ್ಕಕ್ಕಿಂತ ಓದುವ ವರ್ಷಗಳಲ್ಲಿ ಕೈತಪ್ಪುವ ದುಡಿಮೆಯೇ ದೊಡ್ಡ ಖರ್ಚು. ಅಪ್ರೆಂಟಿಸ್‌ಗಳಿಗೆ 2019ರ ನಿಯಮ ಗೊತ್ತುಪಡಿಸಿದ ಕನಿಷ್ಠ ಮಾಸಿಕ ಭತ್ಯೆ ಐಟಿಐನವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ. ಆರಂಭದಲ್ಲಿ ಕಾಣುವ ಈ ಸಣ್ಣ ಅಂತರಕ್ಕಾಗಿ ವರ್ಷಗಟ್ಟಲೆ ಓದಲು ಮನೆಯವರನ್ನು ಒಪ್ಪಿಸುವುದು ಸುಲಭವಲ್ಲ. ಪದವಿಯ ಬೆಲೆ ತಿಳಿಯುವುದು ತಡವಾಗಿ, ಎಂಜಿನಿಯರ್ ಹುದ್ದೆಯ ಬಡ್ತಿಗೆ ಅದನ್ನೇ ಕೇಳಿದಾಗ.

ಇನ್ನೊಂದು ತೊಡಕು ಗಣಿತದ ಬುನಾದಿಯ ಕೊರತೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಡಿಪ್ಲೊಮಾದಿಂದ ಬಂದವರಿಗೆ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಇಟ್ಟಿದ್ದು ಈ ಕೊರತೆಯನ್ನು ಮನಗಂಡೇ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ಭಾರವೂ ಸೇರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಕಾಲೇಜಿನ ದೂರ, ಹಾಸ್ಟೆಲ್ ಮತ್ತು ಮದುವೆಯ ಮಾತುಕತೆ ನಿರ್ಣಾಯಕವಾಗುವುದುಂಟು. ಅದೇ ಊರಿನಿಂದ ಹೋಗಿ ಬಿ.ಇ. ಮುಗಿಸಿದ ಒಬ್ಬ ಹಿರಿಯ ವಿದ್ಯಾರ್ಥಿಯ ಮಾತಿಗೆ ಎಷ್ಟೋ ಸಲ ಕೈಪಿಡಿಗಳಿಗಿಂತ ಹೆಚ್ಚು ತೂಕ.

2013ರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಬಿ.ವೋಕ್. ಪದವಿ ಮತ್ತು 2020ರ ರಾಷ್ಟ್ರೀಯ ಶಿಕ್ಷಣ ನೀತಿ ವೃತ್ತಿಶಿಕ್ಷಣವನ್ನು ಪದವಿಗೆ ಜೋಡಿಸಲು ಯತ್ನಿಸಿವೆ. ಜೋಡಣೆ ಅಗತ್ಯವೇ, ಆದರೆ ಸಾಲದು. ದುಡಿಯುತ್ತಲೇ ಓದುವಂತಹ ಸಂಜೆ ತರಗತಿಗಳು ಮತ್ತು ಗಣಿತದ ಪೂರ್ವಸಿದ್ಧತೆ ಜಿಲ್ಲಾ ಕೇಂದ್ರಗಳಲ್ಲಿ ಸಿಗದ ಹೊರತು, ಸೀಟು ಎಷ್ಟು ಹೆಚ್ಚಿಸಿದರೂ ಐಟಿಐ ವಿದ್ಯಾರ್ಥಿಗಳಿಗೆ ಅವು ದಕ್ಕುವುದಿಲ್ಲ.