ಸರ್ಕಾರವನ್ನು ಕಾಡಿದ ನೀಲಿಯ ಕನ್ನಡಿ



ನಾಟಕವೊಂದು ಸಮಾಜವನ್ನು ಬದಲಿಸಬಲ್ಲುದೆ? ಚರ್ಚಾಸ್ಪರ್ಧೆಗಳಲ್ಲಿ ನಿಮ್ಮಲ್ಲಿ ಕೆಲವರು ‘ಹೌದು’ ಎಂದು, ಕೆಲವರು ‘ಇಲ್ಲ’ ಎಂದು ವಾದಿಸಿರಬಹುದು. ಇತಿಹಾಸ ಕೊಡುವ ಉತ್ತರ ಅಷ್ಟು ನೇರವಾದುದಲ್ಲ. ಬಂಗಾಳದ ‘ನೀಲದರ್ಪಣ’ ನಾಟಕವನ್ನೇ ನೋಡಿ.

19ನೆಯ ಶತಮಾನದಲ್ಲಿ ಯೂರೋಪಿನ ಬಟ್ಟೆಗಳಿಗೆ ಬೇಕಾದ ನೀಲಿ ಬಣ್ಣ ಬಹುಮಟ್ಟಿಗೆ ಬಂಗಾಳದ ಹೊಲಗಳಿಂದ ಹೋಗುತ್ತಿತ್ತು. ನೀಲಿ ವ್ಯಾಪಾರದ ಬಿಳಿಯ ದೊರೆಗಳು ರೈತನಿಗೆ ‘ದಾದನ್’ ಎಂಬ ಮುಂಗಡ ಕೊಡುತ್ತಿದ್ದರು. ಒಮ್ಮೆ ಕೈಚಾಚಿದನೆಂದರೆ ಅವನ ಕಥೆ ಮುಗಿದಂತೆ. ಭತ್ತ ಬೆಳೆಯುವ ಒಳ್ಳೆಯ ನೆಲದಲ್ಲಿ ನೀಲಿ ಬಿತ್ತಬೇಕು, ದೊರೆ ಹೇಳಿದ ಬೆಲೆಗೆ ಕೊಡಬೇಕು. ಆ ಬೆಲೆಯಿಂದ ಮುಂಗಡ ತೀರುತ್ತಿರಲಿಲ್ಲ. ಅಪ್ಪನ ಸಾಲ ಮಗನ ತಲೆಗೆ ಬರುತ್ತಿತ್ತು. ಒಲ್ಲೆ ಎಂದವನಿಗೆ ದೊಣ್ಣೆ ಹಿಡಿದವರ ಪೆಟ್ಟು, ದೊರೆಯ ಗೋದಾಮಿನಲ್ಲಿ ಸೆರೆ. 1859ರಲ್ಲಿ ನದಿಯಾ ಜಿಲ್ಲೆಯ ರೈತರು ‘ನೀಲಿ ಬಿತ್ತುವುದಿಲ್ಲ’ ಎಂದು ಎದ್ದು ನಿಂತರು. ದಂಗೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. 1860ರಲ್ಲಿ ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಲೇಬೇಕಾಯಿತು.

ಇಲ್ಲಿ ಕಾಲಕ್ರಮವನ್ನು ಗಮನಿಸಿ. ದೀನಬಂಧು ಮಿತ್ರರ ನಾಟಕ ಢಾಕಾದಲ್ಲಿ ಅಚ್ಚಾದದ್ದು 1860ರಲ್ಲಿ, ದಂಗೆ ಎದ್ದ ಮೇಲೆ. ನಾಟಕ ಓದಿ ರೈತ ದಂಗೆ ಏಳಲಿಲ್ಲ. ರೈತ ಎದ್ದದ್ದರಿಂದ ನಾಟಕ ಹುಟ್ಟಿತು. ಮಿತ್ರರು ಅಂಚೆ ಇಲಾಖೆಯ ನೌಕರರು. ಕೆಲಸದ ಮೇಲೆ ಊರೂರು ತಿರುಗಿದವರು, ಕಣ್ಣಾರೆ ಕಂಡವರು. ಸರ್ಕಾರಿ ಸಂಬಳದವರಾದ್ದರಿಂದ ಪುಸ್ತಕದ ಮೇಲೆ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ.

ಹಾಗಾದರೆ ನಾಟಕ ಮಾಡಿದ್ದೇನು? ಹಳ್ಳಿಯ ಗೋಳನ್ನು ಕಲ್ಕತ್ತೆಯ ನಡುಮನೆಗೆ ತಂದಿತು. ಆಯೋಗದ ವರದಿಯನ್ನು ಓದುವವರು ಎಷ್ಟು ಮಂದಿ? ಗರ್ಭಿಣಿ ಕ್ಷೇತ್ರಮಣಿಯ ಮೇಲೆ ದೊರೆ ಕೈಮಾಡುವ ದೃಶ್ಯವನ್ನು ಓದಿದವರಿಗೆ ಸುಮ್ಮನಿರಲು ಆಗಲಿಲ್ಲ. ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಇದರ ಇಂಗ್ಲಿಷ್ ಅನುವಾದವನ್ನು ಅಚ್ಚು ಹಾಕಿಸಿದರು. ಅನುವಾದಕ ಕವಿ ಮೈಕೆಲ್ ಮಧುಸೂದನ ದತ್ತರು ಎಂಬುದು ರೂಢಿಯ ಮಾತು. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನೀಲಿ ದೊರೆಗಳು ಮಾನನಷ್ಟದ ಮೊಕದ್ದಮೆ ಹೂಡಿಸಿದರು. ಲಾಂಗ್‌ರಿಗೆ ಒಂದು ತಿಂಗಳ ಸೆರೆ, 1,000 ರೂಪಾಯಿ ದಂಡ. ದಂಡದ ಹಣವನ್ನು ಕಟ್ಟಿದವರು ಕಾಲೀಪ್ರಸನ್ನ ಸಿಂಹ, ಬಂಗಾಳಿಯಲ್ಲಿ ಮಹಾಭಾರತವನ್ನು ಹೊರತಂದ ಶ್ರೀಮಂತ ತರುಣ. ರೈತನ ಪರವಾಗಿ ಮಾತನಾಡಿ ಬಿಳಿಯನೊಬ್ಬ ಜೈಲಿಗೆ ಹೋದನೆಂಬ ಸುದ್ದಿ ಪುಸ್ತಕಕ್ಕಿಂತ ವೇಗವಾಗಿ ಹರಡಿತು.

1872ರ ಡಿಸೆಂಬರ್ 7ರಂದು ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ ಟಿಕೆಟ್ ಮಾರಿ ನಾಟಕ ಆಡಲು ಆರಂಭಿಸಿತು. ಅಲ್ಲಿಯವರೆಗೆ ರಂಗಭೂಮಿ ಶ್ರೀಮಂತರ ಮನೆಯಂಗಳದ ವಿನೋದ. ಆಮಂತ್ರಣ ಇದ್ದವರಿಗೆ ಮಾತ್ರ ಪ್ರವೇಶ. ದುಡ್ಡು ಕೊಟ್ಟ ಯಾರಾದರೂ ನೋಡಬಹುದಾದ ಆ ಮೊದಲ ಆಟಕ್ಕೆ ಅವರು ಆರಿಸಿಕೊಂಡದ್ದು ‘ನೀಲದರ್ಪಣ’ವನ್ನು. 1875ರಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರ್ ತಂಡ ಇದನ್ನು ಲಖನೌಗೆ ಒಯ್ದಿತು. ಅಲ್ಲಿ ನಡೆದದ್ದನ್ನು ನಟಿ ಬಿನೋದಿನಿ ದಾಸಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ರೈತ ತೋರಾಪ್ ದೊರೆಯನ್ನು ಹಿಡಿದು ಬಡಿಯುವ ದೃಶ್ಯ ಬಂದಾಗ ಪ್ರೇಕ್ಷಕರಲ್ಲಿದ್ದ ಇಂಗ್ಲಿಷರು ಕೆರಳಿ ರಂಗದ ಮೇಲೆ ನುಗ್ಗಿದರು. ನಟನಟಿಯರು ಜೀವ ಉಳಿಸಿಕೊಳ್ಳಬೇಕಾಯಿತು, ಆಟ ಅಲ್ಲಿಗೆ ನಿಂತಿತು. ಬಣ್ಣ ಹಚ್ಚಿಕೊಂಡವನ ಪೆಟ್ಟು ನಿಜವಾದ ದೊರೆಗಳಿಗೆ ತಾಗಿತ್ತು!

ನಾಟಕದಲ್ಲಿ ಕುಂದುಗಳಿಲ್ಲವೆಂದಲ್ಲ. ಕೊನೆಗೆ ಸಾವಿನ ಮೇಲೆ ಸಾವು, ಕಣ್ಣೀರು ಅತಿಯಾಯಿತೆನಿಸುತ್ತದೆ. ಇತಿಹಾಸಕಾರ ರಣಜಿತ್ ಗುಹಾ 1974ರಲ್ಲಿ ಇನ್ನೂ ಗಂಭೀರವಾದ ಆಕ್ಷೇಪ ಎತ್ತಿದರು: ಇದು ರೈತನ ದಂಗೆಯನ್ನು ವಿದ್ಯಾವಂತ ಮಧ್ಯಮವರ್ಗದ ಕನ್ನಡಿಯಲ್ಲಿ ತೋರಿಸುತ್ತದೆ, ಒಳ್ಳೆಯ ಸರ್ಕಾರ ನ್ಯಾಯ ಕೊಡುತ್ತದೆಂಬ ನಂಬಿಕೆಯನ್ನು ಬಿಡುವುದಿಲ್ಲ ಎಂದು. ಆ ಮಾತು ನನಗೆ ಸರಿಯೆನಿಸುತ್ತದೆ. ಆದರೂ ಲೇಖಕ ಇಟ್ಟುಕೊಂಡ ನಂಬಿಕೆ ಬೇರೆ, ರಂಗದ ಮೇಲೆ ತೋರಾಪನನ್ನು ಕಂಡ ಜನ ಹೊತ್ತುಕೊಂಡು ಹೋದದ್ದು ಬೇರೆ. ಆಳುವವರಿಗೆ ಭಯ ಹುಟ್ಟಿಸಿದ್ದು ಆ ಎರಡನೆಯದು.

1876ರಲ್ಲಿ ನಾಟಕ ಪ್ರದರ್ಶನ ಕಾಯಿದೆ ಬಂತು. ಇದಕ್ಕೆ ‘ನೀಲದರ್ಪಣ’ವೊಂದೇ ಕಾರಣವೆಂದು ಕೆಲವರು ಬರೆಯುತ್ತಾರೆ, ಪರೀಕ್ಷೆಯಲ್ಲಿ ನೀವು ಹಾಗೆ ಬರೆಯಬೇಡಿ. ತಕ್ಷಣದ ಕಾರಣ, ವೇಲ್ಸ್ ರಾಜಕುಮಾರನನ್ನು ಮನೆಗೆ ಕರೆದು ಸತ್ಕರಿಸಿದ ಕಲ್ಕತ್ತೆಯ ವಕೀಲರೊಬ್ಬರನ್ನು ಗೇಲಿಮಾಡಿದ ಪ್ರಹಸನ. ‘ನೀಲದರ್ಪಣ’ ತೆರೆದ ಹಾದಿಯಲ್ಲಿ ಬಂದ ಅನೇಕ ನಾಟಕಗಳು ಅದಕ್ಕೆ ಹಿನ್ನೆಲೆ. ಮಾನಹಾನಿಕರ, ರಾಜದ್ರೋಹಕರ ಅಥವಾ ಅಶ್ಲೀಲ ಎನಿಸಿದ ಯಾವುದೇ ಆಟವನ್ನು ನಿಲ್ಲಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು.

ಬ್ರಿಟಿಷರು ಹೋದರು, ಕಾಯಿದೆ ಹೋಗಲಿಲ್ಲ. 1953ರಲ್ಲಿ ಅದೇ ಲಖನೌನಲ್ಲಿ ಪ್ರೇಮಚಂದರ ‘ಈದ್‌ಗಾಹ್’ ಕಥೆಯನ್ನು ರಂಗಕ್ಕೆ ತಂದ ಇಪ್ಟಾ ಕಲಾವಿದರ ಮೇಲೆ ಸ್ವತಂತ್ರ ಭಾರತದ ಪೊಲೀಸರು ಇದೇ ಕಾಯಿದೆಯಡಿ ಮೊಕದ್ದಮೆ ಹೂಡಿದರು. ಅಜ್ಜಿಯ ಕೈ ಸುಡದಿರಲೆಂದು ಜಾತ್ರೆಯಲ್ಲಿ ಇಕ್ಕಳ ಕೊಳ್ಳುವ ಪುಟ್ಟ ಹುಡುಗನ ಕಥೆ ಅದು! 1956ರಲ್ಲಿ ಅಲಹಾಬಾದ್ ಹೈಕೋರ್ಟು ಈ ಕಾಯಿದೆ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಹಾಗಿದ್ದೂ ಸಂಸತ್ತು ಅದನ್ನು ಕಾಯಿದೆ ಪುಸ್ತಕದಿಂದ ತೆಗೆದುಹಾಕಿದ್ದು 2018ರ ಆರಂಭದಲ್ಲಿ. ಆ ಹೊತ್ತಿಗೆ ದೀನಬಂಧು ಮಿತ್ರರು ತೀರಿಕೊಂಡು 144 ವರ್ಷಗಳಾಗಿದ್ದವು.