ನೆರೋ ಮತ್ತು ನೀರು

ಪರದೇಶಕ್ಕೆ ಹೊರಟವನು ಆ ನಾಡಿನ ನುಡಿಯಲ್ಲಿ ಮೂರು ಮಾತುಗಳನ್ನಾದರೂ ಕಲಿತಿರಬೇಕು: ವಂದನೆಯ ಮಾತು, ಕೃತಜ್ಞತೆಯ ಮಾತು, ನೀರನ್ನು ಬೇಡುವ ಮಾತು. ಗ್ರೀಸ್ ದೇಶದ ಪ್ರವಾಸಕ್ಕೆ ಅಣಿಯಾಗುತ್ತಿದ್ದಾಗ ನಾನು ಚನ್ನಪಟ್ಟಣದ ಮನೆಯಲ್ಲಿ ಕುಳಿತು ಒಂದು ಸಣ್ಣ ಕೈಪಿಡಿಯಿಂದ ಇವನ್ನು ಬಾಯಿಪಾಠ ಮಾಡಿದೆ. ಬೆಳಗಿನ ವಂದನೆಗೆ ‘ಕಾಲಿಮೆರಾ’, ಕೃತಜ್ಞತೆಗೆ ‘ಎಫ್ಖಾರಿಸ್ತೋ’, ದಯವಿಟ್ಟು ಎನ್ನಲು ‘ಪಾರಾಕಾಲೋ’. ಇವೆಲ್ಲ ನಾಲಗೆಗೆ ಹೊಸವು. ನೀರಿನ ಸರದಿ ಬಂದಾಗ ಮಾತ್ರ ಕೈಪಿಡಿ ‘ನೆರೋ’ ಎಂದಿತು. ಸಮುದ್ರದಾಚೆಯ ನುಡಿಯೊಂದು ನಮ್ಮ ‘ನೀರು’ ಶಬ್ದವನ್ನೇ ತುಸು ತಿರುಚಿ ಆಡುತ್ತಿದೆಯಲ್ಲ ಎಂದು ಯಾರಿಗಾದರೂ ಪುಳಕವಾಗದೆ ಇರದು. ಈ ಪುಳಕವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಇಂದಿನ ನನ್ನ ವಿಷಯ.

ಗ್ರೀಕರಿಗೂ ನಮಗೂ ಸಂಪರ್ಕವಿದ್ದುದರಲ್ಲಿ ಸಂದೇಹವಿಲ್ಲ. ಕ್ರಿಸ್ತಶಕ ಎರಡನೆಯ ಶತಮಾನದ ಟಾಲೆಮಿಯ ಭೂಗೋಳ ಗ್ರಂಥದಲ್ಲಿ ಬನವಾಸಿಯ ಹೆಸರು ಸುಲಭವಾಗಿ ಗುರುತು ಹಿಡಿಯುವಂತೆ ಉಳಿದಿದೆ. ಮಾಗಡಿಯವರಿಗೆ ಅಷ್ಟೇನೂ ದೂರವಲ್ಲದ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳು ದೊರೆತವು. ಸರಕು ಬಂದ ದಾರಿಯಲ್ಲಿ ಮಾತೂ ಬಂದಿರಲೇಬೇಕು. ಆ ನಾವಿಕರು ನಮ್ಮ ಕರಾವಳಿಯಲ್ಲಿ ಇಳಿದಾಗ ಯಾವ ನಾಲ್ಕು ಮಾತುಗಳನ್ನು ಕಲಿತಿದ್ದರು?

ಈ ಪ್ರಶ್ನೆಗೆ ಉತ್ತರವೊಂದು ಈಜಿಪ್ಟಿನ ಮರಳಿನಿಂದ ಎದ್ದು ಬಂದಿತು. ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳನ್ನು ಅಗೆಯುತ್ತಿದ್ದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ತಮಗೆ ಸಿಕ್ಕ ಪಪೈರಸ್ ಹಾಳೆಗಳ ಮೂರನೆಯ ಸಂಪುಟವನ್ನು 1903ರಲ್ಲಿ ಪ್ರಕಟಿಸಿದರು. ಅದರಲ್ಲಿ 413ನೆಯ ಸಂಖ್ಯೆಯದು ಒಂದು ಗ್ರೀಕ್ ಪ್ರಹಸನ. ಪ್ರತಿ ಎರಡನೆಯ ಶತಮಾನದ್ದು. ಖಾರಿಟಿಯಾನ್ ಎಂಬ ಗ್ರೀಕ್ ತರುಣಿ ಹಿಂದೂ ಸಾಗರದ ತೀರದಲ್ಲೆಲ್ಲೋ ಒಬ್ಬ ಅರಸನ ಸೆರೆಯಲ್ಲಿದ್ದಾಳೆ. ಅವಳ ಅಣ್ಣನ ಕಡೆಯವರು ಹಡಗಿನಲ್ಲಿ ಬಂದು, ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ‘ಎಫ್ಖಾರಿಸ್ತೋ’ ಎಂಬ ಕೃತಜ್ಞತೆಯ ಮಾತಿನ ಒಡಲಲ್ಲಿರುವ ‘ಖಾರಿಸ್’, ಎಂದರೆ ಪ್ರಸನ್ನತೆ, ಅದೇ ಈ ನಾಯಿಕೆಯ ಹೆಸರಿನಲ್ಲಿಯೂ ಇದೆ.

ಅರಸನ ಪರಿವಾರ ಆಡುವ ಮಾತು ಗ್ರೀಕ್ ಅಲ್ಲ. ಗ್ರೀಕರಲ್ಲೊಬ್ಬನು ಇವರು ಏನೆನ್ನುತ್ತಾರೆಂದು ಕೇಳುತ್ತಾನೆ. ತಮ್ಮ ತಮ್ಮ ಪಾಲಿಗೆ ಚೀಟಿ ಎತ್ತೋಣ ಎನ್ನುತ್ತಿದ್ದಾರೆಂದು ಇನ್ನೊಬ್ಬನು ತಿಳಿಸುತ್ತಾನೆ. ಮದರಾಸು ಸರ್ಕಾರದ ಶಾಸನ ತಜ್ಞರಾಗಿದ್ದ ಹುಲ್ಟ್ಸ್ ಅವರು 1904ರಲ್ಲಿ ಈ ಅನ್ಯಭಾಷೆ ಕನ್ನಡವೆಂದು ಸೂಚಿಸಿದರು. ಪಠ್ಯದಲ್ಲಿದ್ದ ‘ಬೆರೆ’ ಅವರಿಗೆ ‘ಬೇರೆ’ ಆಯಿತು. ‘ಕೊಂಜೈ’ ಎಂಬುದು ‘ಕೊಂಚ’, ‘ದಾಮುನ್’ ಎಂಬುದು ‘ಮಧು’, ‘ಪೆತ್ರೆಕಿಯೊ’ ಎಂಬುದು ‘ಪಾತ್ರಕ್ಕೆ’. ಸನ್ನಿವೇಶವೂ ಪಾನಗೋಷ್ಠಿಯೇ! ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಈ ಜಾಡಿನಲ್ಲಿ ಮುಂದುವರಿದರು. ಮಂಜೇಶ್ವರದ ಗೋವಿಂದ ಪೈಗಳೂ ಇತಿಹಾಸಕಾರ ಸಾಲೆತೊರೆಯವರೂ ಇದಕ್ಕೆ ಮನಸ್ಸು ಕೊಟ್ಟರು. ಅದು ತುಳು ಎಂದು ವಾದಿಸಿದವರೂ ಉಂಟು.

ಇಲ್ಲಿ ಪಣಕ್ಕಿದ್ದುದು ಅಲ್ಪವಲ್ಲ. ಹಲ್ಮಿಡಿಯ ಶಾಸನಕ್ಕೆ ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಕಾಲ ಸುಮಾರು ಕ್ರಿ.ಶ. 450. ಪಪೈರಸ್ಸಿನ ಮಾತು ಕನ್ನಡವೇ ಆಗಿದ್ದರೆ, ಬರಹದಲ್ಲಿ ಸಿಕ್ಕುವ ಕನ್ನಡ ವಾಕ್ಯದ ಪ್ರಾಚೀನತೆ ಒಮ್ಮೆಗೇ ಸುಮಾರು ಮುನ್ನೂರು ವರ್ಷ ಹಿಂದಕ್ಕೆ ಸರಿಯುತ್ತದೆ. ಯಾವ ಕನ್ನಡಿಗನ ಮನಸ್ಸು ಇದಕ್ಕೆ ಹಾತೊರೆಯದು? ಆದರೆ 1926ರಲ್ಲಿ ಲಯನೆಲ್ ಬಾರ್ನೆಟ್ ಎಂಬ ವಿದ್ವಾಂಸರು ಈ ವಾದವನ್ನು ಅಲ್ಲಗಳೆದರು. ಅಂದಿನಿಂದ ಇಂದಿನವರೆಗೆ ಒಮ್ಮತ ಮೂಡಿಲ್ಲ. ‘ದಾಮುನ್’ ‘ಮಧು’ವಾಗಬೇಕಾದರೆ ಅಕ್ಷರಗಳು ಸ್ಥಾನ ಬದಲಿಸಬೇಕು, ‘ಪೆತ್ರೆಕಿಯೊ’ ‘ಪಾತ್ರಕ್ಕೆ’ ಆಗಬೇಕಾದರೆ ಸ್ವರಗಳು ಮಾರ್ಪಡಬೇಕು. ಇಷ್ಟು ಸಡಿಲ ಬಿಟ್ಟರೆ ಯಾವ ನುಡಿಯನ್ನಾದರೂ ಯಾವ ನುಡಿಗಾದರೂ ಹೊಂದಿಸಬಹುದು. ಅಲ್ಲದೆ, ನಗಿಸಲು ಬರೆದ ನಾಟಕದಲ್ಲಿ ಅನ್ಯರ ಮಾತನ್ನು ಅರ್ಥವಿಲ್ಲದ ಗೊಣಗಾಟವಾಗಿ ತೋರಿಸುವುದು ನಟವರ್ಗಕ್ಕೆ ಎಲ್ಲ ಕಾಲದಲ್ಲಿಯೂ ಪ್ರಿಯವಾದ ಉಪಾಯ.

ಇನ್ನು ನನ್ನ ‘ನೆರೋ’ ವಿಚಾರ. ಪ್ರಾಚೀನ ಗ್ರೀಕಿನಲ್ಲಿ ನೀರಿಗೆ ‘ಹುದೋರ್’ ಎಂದು ಹೆಸರು. ಹೊಸದಾಗಿ ಸೇದಿದ ನೀರಿಗೆ, ‘ಹೊಸತು’ ಎಂಬರ್ಥದ ‘ನೆಯಾರೋನ್’ ವಿಶೇಷಣವನ್ನು ಸೇರಿಸುತ್ತಿದ್ದರು. ಕಾಲಕ್ರಮದಲ್ಲಿ ವಿಶೇಷ್ಯ ಬಿದ್ದುಹೋಗಿ ವಿಶೇಷಣವೇ ಸವೆದು ‘ನೆರೋ’ ಆಯಿತು. ನಮ್ಮ ‘ನೀರು’ ಇದಕ್ಕೆ ನಂಟಲ್ಲ. ದಾರಿಯಲ್ಲಿ ಎದುರಾದ ಅಪರಿಚಿತನ ಮುಖ ಅಣ್ಣನ ಮುಖದಂತೆ ಕಂಡ ಹಾಗೆ, ಅಷ್ಟೇ.

ನಿಜವಾದ ನಂಟುಗಳು ವೇಷ ಮರೆಸಿಕೊಂಡಿವೆ. ಜ್ಯೋತಿಷಿಗಳ ‘ಹೋರಾ’, ಗಣಿತದ ‘ಕೇಂದ್ರ’ ಇವೆರಡೂ ಗ್ರೀಕಿನಿಂದ ಸಂಸ್ಕೃತಕ್ಕೆ ಬಂದು ನಮ್ಮವಾದವು. ‘ದೀನಾರ’ ರೋಮನ್ ನಾಣ್ಯದ ಹೆಸರು. ‘ಸುರಂಗ’ವೂ ಗ್ರೀಕಿನ ‘ಸಿರಿಂಕ್ಸ್’, ಎಂದರೆ ಕೊಳವೆ, ಎಂಬುದರಿಂದ ಹುಟ್ಟಿತೆಂದು ಅನೇಕ ವಿದ್ವಾಂಸರ ಮತ. ಶಾಮಶಾಸ್ತ್ರಿಗಳು ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿಯೇ ಆ ಶಬ್ದ ‘ಸುರುಂಗಾ’ ಎಂಬ ರೂಪದಲ್ಲಿದೆ. ಗೋವಿಂದ ಪೈಗಳ ಕಾಸರಗೋಡು ಸೀಮೆಯಲ್ಲಿ ರೈತರು ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಬಿಲಕ್ಕೂ ಇದೇ ಹೆಸರು. ಆ ನೀರು ಅಚ್ಚ ಕನ್ನಡದ್ದು. ಅದು ಹರಿದು ಬರುವ ಸುರಂಗದ ಹೆಸರು ಯವನರದ್ದಿರಬಹುದು!

ಇದರಲ್ಲಿ ಸೋಜಿಗಪಡಬೇಕಾದುದಿಲ್ಲ. ನಮ್ಮ ರಾಮನಗರವನ್ನು ಒಮ್ಮೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು; ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿಗೆ ಕನ್ನಡದ ‘ಪೇಟೆ’ ಅಂಟಿಕೊಂಡಿತು. ಊರು ಆ ಹೆಸರನ್ನು ಕಳಚಿದರೂ ಅಲ್ಲಿನ ಬಂಡೆಗಳು ಭೂವಿಜ್ಞಾನದಲ್ಲಿ ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಪ್ರಸಿದ್ಧವಾಗಿವೆ. ಎಷ್ಟೋ ಸಾವಿರ ವರ್ಷಗಳ ಅನಂತರ ಯಾರಾದರೂ ಈ ಶಬ್ದವನ್ನು ಹಿಡಿದು ಬಂಡೆಯ ಕುಲವನ್ನೇ ಹುಡುಕಹೊರಟರೆ ಏನಾದೀತು?

ನುಡಿಯ ಮೇಲಿನ ಅಭಿಮಾನ ತಪ್ಪಲ್ಲ. ಆದರೆ ಅದು ಪರೀಕ್ಷೆಗೆ ಹೆದರಬಾರದು. ಕನ್ನಡದ ಹಿರಿತನಕ್ಕೆ ಹಲ್ಮಿಡಿಯ ಕಲ್ಲು ಸಾಕ್ಷಿ ನಿಂತಿದೆ. ಸಂಶಯದ ಪಪೈರಸ್ಸನ್ನು ಅದರ ಪಕ್ಕದಲ್ಲಿ ನಿಲ್ಲಿಸಬೇಕಾದ ದೈನ್ಯ ನಮಗಿಲ್ಲ. ಇಷ್ಟಾಗಿಯೂ, ನೀರಡಿಸಿ ಪರದೇಶದಲ್ಲಿ ನಿಂತ ಕನ್ನಡಿಗನಿಗೆ ‘ನೆರೋ’ ಎಂಬುದು ಮರೆಯಲಾಗದ ಶಬ್ದ. ನೆನಪಿಗೆ ಅದು ಒದಗಲಿ, ಇತಿಹಾಸಕ್ಕೆ ಬೇಡ.